ಬೆಂಗಳೂರಿನ ಕಲ್ಲುಗಳ ಜೊತೆ ಒಂದಿಷ್ಟು ದಿನ

ನಮ್ಮದು ಹಿರೇಕೆರೂರು ಕಡೆ. ಇತಿಹಾಸ ನೋಡಬೇಕು ಅಂದರೆ ನಮ್ಮ ಕಡೆಯವರು ಬನವಾಸಿ, ಬಳ್ಳಿಗಾವಿ, ಹಂಪಿ ಅನ್ನುತ್ತಾರೆ. ಬೆಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಇಂಟರ್ವ್ಯೂಗೆ, ಮದುವೆಗೆ. ಮಗಳು ಈ ವರ್ಷ ಹತ್ತನೇ ಕ್ಲಾಸು. ಸಿಂಧೂ ನಾಗರಿಕತೆಯಿಂದ ಸ್ವಾತಂತ್ರ್ಯದವರೆಗೆ ಎಲ್ಲಾ ಓದಿ ಮುಗಿಸಿದ್ದಳು. ಆದರೆ ಅದೆಲ್ಲಾ ಬೇರೆ ಎಲ್ಲೋ, ಬೇರೆ ಯಾರಿಗೋ ನಡೆದದ್ದು ಅನ್ನುವ ಹಾಗೆ ಮಾತಾಡುತ್ತಿದ್ದಳು. ಹಾಗಾಗಿ ನವೆಂಬರಿನಲ್ಲಿ ರಜೆ ಹೊಂದಿಸಿಕೊಂಡು ಅವಳನ್ನೂ ಅವಳ ಅಪ್ಪನನ್ನೂ ಹೊರಡಿಸಿದೆ. ಬಸವನಗುಡಿಯಲ್ಲಿ ನನ್ನ ಅಣ್ಣನ ಮನೆ ಇದೆ, ವಸತಿಗೆ ಚಿಂತೆ ಇರಲಿಲ್ಲ. ರಾಣೆಬೆನ್ನೂರಿನಲ್ಲಿ ರಾತ್ರಿ ರೈಲು ಹತ್ತಿದೆವು.

ಮೊದಲ ದಿನ: ಬಂಡೆ ಮತ್ತು ಕಡಲೆಕಾಯಿ

ಬೆಳಗ್ಗೆ ಇಳಿದಾಗ ಸಣ್ಣ ಜಡಿಮಳೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇನ್ನೂ ಮಳೆ ಇದೆ ಅಂತ ರೈಲಿನಲ್ಲಿ ಯಾರೋ ಹೇಳಿದ್ದರು. ಸ್ಟೇಷನ್ನಿನಿಂದ ಹೊರಗೆ ಬಂದು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ದಾಟುವಾಗ ಮಗಳಿಗೆ ಹೇಳಿದೆ, ನಾವು ಈಗ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಡೆಯುತ್ತಿದ್ದೇವೆ ಅಂತ. ಅವಳು ನಂಬಲಿಲ್ಲ. ಪೇಟೆಯ ಜನಕ್ಕೆ ನೀರು ಕೊಡುತ್ತಿದ್ದ ಕೆರೆ ಅದು. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದೆ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲದ ಈ ಎತ್ತರದ ನೆಲದಲ್ಲಿ ಊರು ಕಟ್ಟಬೇಕು ಅಂದರೆ ಮೊದಲು ಕೆರೆ ಕಟ್ಟಬೇಕಿತ್ತು. ಆ ಮಾತು ಮುಂದಿನ ಎಲ್ಲಾ ದಿನಗಳಲ್ಲೂ ನಮ್ಮ ಜೊತೆಗೇ ಬಂತು.

ಸ್ನಾನ, ತಿಂಡಿ ಮುಗಿಸಿ ಲಾಲ್‌ಬಾಗಿಗೆ ಹೋದೆವು. ಹೆಚ್ಚಿನವರು ಗಾಜಿನ ಮನೆ ನೋಡಿ ವಾಪಸ್ ಬರುತ್ತಾರೆ. ನಾವು ನೇರವಾಗಿ ಬಂಡೆ ಹತ್ತಿದೆವು. ಅಲ್ಲೊಂದು ಫಲಕವಿದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ದಕ್ಷಿಣ ಭಾರತದ ಬಹುಪಾಲು ನೆಲ ಇದೇ ಜಾತಿಯ ಕಲ್ಲಿನ ಮೇಲೆ ಕೂತಿದೆ. ಮಳೆಗೆ ನೆನೆದು ಬಂಡೆ ಕಪ್ಪಾಗಿತ್ತು. ಅದರ ಮೇಲೆ ಬಿಳಿ, ಬೂದು ಪಟ್ಟೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು. ಒಣ ಬಿಸಿಲಿನಲ್ಲಿ ಇಷ್ಟು ಚೆನ್ನಾಗಿ ಕಾಣುವುದಿಲ್ಲವಂತೆ. ಹಾಗಾಗಿ ಮಳೆ ನಿಂತ ತಕ್ಷಣ ಹೋಗುವುದೇ ಒಳ್ಳೆಯದು. ಚಪ್ಪಲಿ ಮಾತ್ರ ಜಾರದೇ ಇರುವಂಥದ್ದು ಹಾಕಿಕೊಳ್ಳಿ.

ಬಂಡೆಯ ತುದಿಯಲ್ಲಿ ಕೆಂಪೇಗೌಡರ ವಂಶದವರು ಕಟ್ಟಿಸಿದ ಪುಟ್ಟ ಗೋಪುರ. ಕೆಳಗೆ ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ. ಟಿಪ್ಪು ಅದಕ್ಕೆ ದೂರದ ದೇಶಗಳಿಂದ ಗಿಡ ತರಿಸಿದ. ಆಚೆಗೆ ಇಂಗ್ಲಿಷರ ಕಾಲದ ಗಾಜಿನ ಮನೆ, 1889ರಲ್ಲಿ ಅಡಿಗಲ್ಲು ಹಾಕಿದ್ದು. ಅದರ ಪಕ್ಕದಲ್ಲೇ ಇಂದಿನ ಮಕ್ಕಳು ಸೆಲ್ಫಿ ತೆಗೆಯುತ್ತಿದ್ದರು. ಒಂದೇ ಕಡೆ ನಿಂತು ಸುತ್ತ ತಿರುಗಿದರೆ ಸಾಕು, ಇಷ್ಟೆಲ್ಲಾ ಕಾಣುತ್ತದೆ. ಮಗಳು ತುಂಬಾ ಹೊತ್ತು ಅಂಗೈ ಬಂಡೆಯ ಮೇಲಿಟ್ಟು ಕೂತಳು. ನಾನೂ ಮಾತಾಡಿಸಲಿಲ್ಲ.

ಮಧ್ಯಾಹ್ನ ಎಂಟಿಆರ್‌ನಲ್ಲಿ ಕ್ಯೂ ನಿಂತು ರವೆ ಇಡ್ಲಿ ತಿಂದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ಇಲ್ಲೇ ಅಂತ ಹೋಟೆಲಿನವರು ಹೇಳುತ್ತಾರೆ. ಅಕ್ಕಿ ಬರುತ್ತಿದ್ದ ಬರ್ಮಾದ ಕಡೆ ನಡೆದ ಯುದ್ಧ ನಮ್ಮ ತಟ್ಟೆಗೆ ಬಂದು ಮುಟ್ಟಿದ ಬಗೆ ಇದು. ತುಪ್ಪ ಹಾಕಿಸಿಕೊಂಡೇ ತಿನ್ನಿ.

ಸಂಜೆ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ, ಆಳೆತ್ತರದ ಎರಡು ಪಟ್ಟು ಮೀರಿದ ಬಸವಣ್ಣ. ಕಡಲೆಕಾಯಿ ಪರಿಷೆಗೆ ಇನ್ನೂ ಟೈಮ್ ಇತ್ತು. ಆದರೂ ರಸ್ತೆ ಬದಿಯಲ್ಲಿ ಆಗಲೇ ಒಂದೆರಡು ರಾಶಿ ಬಿದ್ದಿದ್ದವು. ಕಾರ್ತಿಕದ ಕೊನೆಯ ಸೋಮವಾರ ಬಂದರೆ ಈ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಗಡಿ ಕಡೆಯ ಒಬ್ಬ ಅಜ್ಜಿ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ಕೂತಿದ್ದರು.

"ಬಸವ ಬಂದು ಹೊಲ ಮೇಯ್ತಿತ್ತು, ಅದಕ್ಕೇ ಮೊದಲ ಬೆಳೆ ಅವನಿಗೆ ಕೊಡ್ತೀವಿ. ನಮ್ಮಜ್ಜನ ಅಜ್ಜನ ಕಾಲದಿಂದಲೂ ಹಿಂಗೇ" ಅಂದರು.

ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಹಡಗಿನಲ್ಲಿ ಸಮುದ್ರ ದಾಟಿ ಬಂದು, ನಮ್ಮ ಒಣ ಹೊಲಕ್ಕೆ ಒಗ್ಗಿ, ಬಸವಣ್ಣನ ನೈವೇದ್ಯವಾಯಿತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಎಲ್ಲವೂ ಹಾಗೇ ಬಂದವು. ನನಗೆ ನಮ್ಮ ನಾಗರಿಕತೆಯಲ್ಲಿ ಅತಿ ಇಷ್ಟವಾಗುವ ಗುಣ ಇದೇ. ಹೊರಗಿನಿಂದ ಬಂದದ್ದನ್ನು ಬೆಳೆದು, ತಿಂದು, ದೇವರಿಗೂ ಕೊಟ್ಟು ನಮ್ಮದು ಮಾಡಿಕೊಂಡರು. ಅಜ್ಜಿ ಸೇರಿನ ಮೇಲೆ ಇನ್ನೊಂದು ಹಿಡಿ ಹಾಕಿ ಕೊಟ್ಟರು. ರಾತ್ರಿ ಅತ್ತಿಗೆ ಉಪ್ಪು ಹಾಕಿ ಬೇಯಿಸಿದರು.

ಎರಡನೇ ದಿನ: ಮ್ಯೂಸಿಯಂ, ಮತ್ತು ಕಾಳಿ ಅನ್ನುವ ನಾಯಿ

ಕಸ್ತೂರ್ಬಾ ರಸ್ತೆಯ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂಗೆ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಸೋಮವಾರ ರಜೆ, ಹಾಗಾಗಿ ಆ ದಿನ ಬಿಟ್ಟು ಹೋಗಿ. ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಇದೂ ಒಂದು.

ಮೊಹೆಂಜೊದಾರೊದಲ್ಲಿ ಸಿಕ್ಕ ವಸ್ತುಗಳ ಮುಂದೆ ಮಗಳು ನಿಂತಳು. ಪಠ್ಯಪುಸ್ತಕದ ಚಿತ್ರ ಕಣ್ಣೆದುರಿಗೆ ಬಂದರೆ ಹೇಗಿರುತ್ತದೆ ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕ್ರಿ.ಪೂ. 2600ರಿಂದ 1900ರ ಸುಮಾರಿಗೆ ಸಿಂಧೂ ಕಣಿವೆಯಲ್ಲಿ ಇಟ್ಟಿಗೆಯ ಮನೆ, ಚರಂಡಿ, ತೂಕದ ಬಟ್ಟು ಎಲ್ಲಾ ಇದ್ದವು. ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು ಅಂತ ಅವಳು ಕೇಳಿದಳು. ಉತ್ತರವೂ ಮ್ಯೂಸಿಯಂನಲ್ಲೇ ಇತ್ತು. ಉಜ್ಜಿ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು. ಇಲ್ಲಿ ನಗರ ಇರಲಿಲ್ಲ, ಆದರೆ ದನ ಸಾಕುವ, ಬೇಸಾಯ ಕಲಿಯುತ್ತಿದ್ದ ಜನ ಇದ್ದರು. ಆಮೇಲೆ ಕಬ್ಬಿಣ ಬಂತು, ದೊಡ್ಡ ದೊಡ್ಡ ಕಲ್ಲಿಟ್ಟು ಸತ್ತವರಿಗೆ ಗೋರಿ ಕಟ್ಟುವ ಪದ್ಧತಿ ಬಂತು. ಹೊಸಕೋಟೆ ಹತ್ತಿರದ ಜಡಿಗೇನಹಳ್ಳಿಯಲ್ಲಿ ಅಂಥ ಗೋರಿಗಳನ್ನು ಅಗೆದು ನೋಡಿದ್ದಾರೆ.

ಚಿತ್ರದುರ್ಗದ ಚಂದ್ರವಳ್ಳಿಯ ವಸ್ತುಗಳೂ ಇಲ್ಲಿವೆ. 1947ರಲ್ಲಿ, ದೇಶ ಸ್ವಾತಂತ್ರ್ಯಕ್ಕೆ ಕಾಯುತ್ತಿದ್ದ ವರ್ಷವೇ, ಮಾರ್ಟಿಮರ್ ವೀಲರ್ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯಲ್ಲಿ ಅಗೆತ ಮಾಡಿದ. ಬ್ರಹ್ಮಗಿರಿ ಅಂದರೆ ಅಶೋಕನ ಶಾಸನ ಇರುವ ಜಾಗ. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯದ ಜೊತೆ ರೋಮನ್ ನಾಣ್ಯವೂ ಸಿಕ್ಕಿದೆ. ರೋಮನ್ ಬೆಳ್ಳಿ ನಾಣ್ಯ ಬೆಂಗಳೂರಿನಲ್ಲೂ ಸಿಕ್ಕಿದೆ, ಯಶವಂತಪುರದಲ್ಲಿ ಒಮ್ಮೆ, ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೊಮ್ಮೆ. ಅಗಸ್ಟಸ್, ಟೈಬೀರಿಯಸ್ ಮುಖ ಇರುವ ದುಡ್ಡು ಎರಡು ಸಾವಿರ ವರ್ಷದ ಹಿಂದೆ ಈ ನೆಲದ ಮೇಲೆ ಕೈಯಿಂದ ಕೈಗೆ ಓಡಾಡಿದೆ. ಇದನ್ನು ಕೇಳಿ ಮಗಳ ಅಪ್ಪ, ಅವರು ಅಡಿಕೆ ವ್ಯಾಪಾರಿ, "ಹಂಗಾದ್ರೆ ನಮ್ಮೋರು ಏನು ಮಾರಿರಬಹುದು?" ಅಂದರು. ಮೆಣಸು, ಬಟ್ಟೆ, ಮಣಿ ಅಂತ ಅವರ ಮಾತು ಅಲ್ಲಿಂದ ನಿಲ್ಲಲೇ ಇಲ್ಲ.

ಆದರೆ ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆತಕೂರಿನ ಕಲ್ಲು. ಮದ್ದೂರು ತಾಲೂಕಿನ ಆತಕೂರಿನಿಂದ ತಂದದ್ದು. ಒಂದು ನಾಯಿ, ಒಂದು ಹಂದಿ ಎದುರುಬದುರು ಹೋರಾಡುವ ಚಿತ್ರ ಕಡೆದಿದೆ. ಸುತ್ತ ಹಳಗನ್ನಡದ ಅಕ್ಷರ. ಕಥೆ ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಚೋಳರ ಮೇಲೆ ಯುದ್ಧಕ್ಕೆ ಹೋದ. ಅವನ ಜೊತೆ ಗಂಗರ ಬೂತುಗ ಇದ್ದ. ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಇಷ್ಟು ಪಠ್ಯದಲ್ಲಿ ಇರುತ್ತದೆ. ಪಠ್ಯದಲ್ಲಿ ಇಲ್ಲದ್ದು ಮುಂದಿನದು. ಬೂತುಗನ ಕಡೆ ಮಣಲೆರ ಅನ್ನುವ ವೀರ ಇದ್ದ. ಅವನ ಶೌರ್ಯ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ನಿಮ್ಮ ಬೇಟೆನಾಯಿ ಕಾಳಿಯನ್ನು ಕೊಡಿ ಅಂದ. ಆ ಕಾಳಿಯನ್ನು ಬೇಳತೂರಿನ ಬೆಟ್ಟದ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ. ಪೂಜೆಗೆ ಗದ್ದೆ ಬಿಟ್ಟ. ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಅಂತಲೂ ಬರೆಸಿದ.

ಅಲ್ಲಿದ್ದ ಸೆಕ್ಯುರಿಟಿ ಅಣ್ಣ ಕಲಬುರಗಿ ಕಡೆಯವರು. ನಾವು ಅಷ್ಟು ಹೊತ್ತು ನಿಂತದ್ದು ನೋಡಿ ಹತ್ತಿರ ಬಂದರು. "ನಮ್ಮ ಕಡೆಯ ರಾಜರ ಕಾಲದ್ದು ಇದು, ಮಳಖೇಡದವರದ್ದು. ಶಾಲೆ ಹುಡುಗ್ರು ಬಂದ್ರೆ ನಾನೇ ಕರ್ಕೊಂಡು ಬಂದು ನಾಯಿ ಕಥೆ ಹೇಳ್ತೀನ್ರಿ" ಅಂದರು. ರಾಜಾದಿತ್ಯನನ್ನು ಕೊಂದದ್ದಕ್ಕೆ ಕೃಷ್ಣ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರವನ್ನೂ (ಬನವಾಸಿ ಹನ್ನೆರಡು ಸಾವಿರ ಅನ್ನುವ ನಾಡು) ಬೆಳ್ವೊಲ ನಾಡನ್ನೂ ಕೊಟ್ಟ ಅಂತ ಅದೇ ಕಲ್ಲಿನಲ್ಲಿದೆ. ಬನವಾಸಿ ನಾಡು ಅಂದರೆ ನಮ್ಮ ಸೀಮೆ! ತಮಿಳು ನೆಲದಲ್ಲಿ ನಡೆದ ಯುದ್ಧ, ಕಲಬುರಗಿ ಕಡೆಯ ರಾಜ, ಮಂಡ್ಯದ ಕಲ್ಲು, ಬಹುಮಾನವಾಗಿ ನಮ್ಮ ಊರು. ಮಗಳು ಆ ಸಂಜೆ ಊಟಕ್ಕೆ ಕೂತಾಗಲೂ ಕಾಳಿಯ ಕಥೆಯನ್ನೇ ಮಾವನಿಗೆ ಹೇಳಿದಳು. ತಕ್ಕೋಲ ಯುದ್ಧದ ಇಸವಿ ಅವಳಿಗೆ ಇನ್ನು ಮರೆಯುವುದಿಲ್ಲ.

ಪಕ್ಕದಲ್ಲೇ ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಇದೆ. ಕುದುರೆ, ಆನೆ, ಬಿದ್ದವರು, ಬೀಳುತ್ತಿರುವವರು. ಅದರ ಊರಿಗೆ ಮರುದಿನ ಹೋಗುವುದಿತ್ತು.

ಮೂರನೇ ದಿನ: ಬೇಗೂರು

ಬೇಗೂರಿಗೆ ಬಸ್ಸಿನಲ್ಲಿ ಹೊರಟಾಗಲೇ ಮಳೆ ಜೋರಾಯಿತು. ಹೊಸೂರು ರಸ್ತೆಯಲ್ಲಿ ನೀರು ನಿಂತು ಬಸ್ಸು ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಂತಿತು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ನನ್ನ ಎಡಗಡೆ ಭುಜ ಪೂರ್ತಿ ತೊಯ್ದಿತು. ಪಕ್ಕದಲ್ಲಿ ಕೂತಿದ್ದ ಐಟಿ ಕಂಪನಿಯ ಹುಡುಗಿ ಬ್ಯಾಗಿನಿಂದ ಟವೆಲ್ ತೆಗೆದು ಕೊಟ್ಟಳು. ವಿಜಯಪುರದವಳು. ಬೇಗೂರಿನಲ್ಲೇ ಮೂರು ವರ್ಷದಿಂದ ಪಿಜಿಯಲ್ಲಿದ್ದಾಳೆ. ಗುಡಿಯ ಶಾಸನದ ವಿಷಯ ಹೇಳಿದಾಗ, "ಹೌದಾ? ನಾ ದಿನಾ ಅದರ ಮುಂದೇ ಹಾದು ಹೋಗ್ತೀನಿ" ಅಂದಳು. ಮುಂದಿನ ಭಾನುವಾರ ಹೋಗಿ ನೋಡುತ್ತೇನೆ ಅಂತ ಮಾತು ಕೊಟ್ಟಳು.

ಬೇಗೂರಿನ ಪಂಚಲಿಂಗೇಶ್ವರ ಗುಡಿ ಕೆರೆಯ ಪಕ್ಕದಲ್ಲಿದೆ. ಹೊರಗೆ ಹೊಸ ಎತ್ತರದ ಗೋಪುರ. ಒಳಗೆ ಹೋದರೆ ತಗ್ಗಿನ ಕಂಬಗಳ ಗಂಗರ ಕಾಲದ ಗುಡಿ. ನಾಗರೇಶ್ವರ ಗುಡಿಯಲ್ಲಿ ತಲೆ ಎತ್ತಿ ಛಾವಣಿ ನೋಡಲು ಮರೆಯಬೇಡಿ. ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನದ ಮೇಲೆ ಕೂತಿದ್ದಾರೆ. ಸಾವಿರ ವರ್ಷ ದಾಟಿದ ಕೆತ್ತನೆ.

ಅಂಗಳದ ಶಾಸನ ಸುಮಾರು ಕ್ರಿ.ಶ. 890ರದ್ದು. ನಾಗತ್ತರನ ಮಗ ಬುಟ್ಟಣ ಬೆಂಗಳೂರ ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ಇದಕ್ಕಿಂತ ಹಳೆಯದಾಗಿ ಬೆಂಗಳೂರಿನ ಹೆಸರು ಬೇರೆ ಎಲ್ಲೂ ಸಿಕ್ಕಿಲ್ಲ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಆರು ನೂರು ವರ್ಷಕ್ಕೂ ಮೊದಲಿನ ಮಾತು. ನಾವು ಹೋದಾಗ ಮೋಡ ಕವಿದು ಮಬ್ಬು. ಬರಿಗಣ್ಣಿಗೆ ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಅಲ್ಲೇ ಮಳೆಗೆ ನಿಂತಿದ್ದ ಊರಿನ ಹಿರಿಯರೊಬ್ಬರು ಮೊಬೈಲ್ ಟಾರ್ಚ್ ಹಾಕಿ ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕಲ್ಲಿಗೆ ತಾಗಿಸಿದ ಹಾಗೆ ಹಿಡಿದರು. ಅಕ್ಷರ ಒಂದೊಂದಾಗಿ ಎದ್ದವು! ಶಾಸನ ಓದುವವರು ಬಂದಾಗ ನೋಡಿ ಕಲಿತದ್ದಂತೆ. ಬೆಳಗ್ಗೆ ಎಂಟಕ್ಕೆ ಅಥವಾ ಸಂಜೆ ನಾಲ್ಕರ ಮೇಲೆ ಓರೆ ಬಿಸಿಲಿದ್ದಾಗ ಬಂದರೆ ಟಾರ್ಚೂ ಬೇಡ ಅಂದರು. ಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಸವರಬಾರದು ಅಂತಲೂ ಹೇಳಿದರು.

ಮ್ಯೂಸಿಯಂನಲ್ಲಿ ನೋಡಿದ ಬೇಗೂರಿನ ವೀರಗಲ್ಲಿನ ಕಥೆ ಇದೇ ನಾಗತ್ತರರ ಮನೆಯದು. ಗಂಗರ ಎರೆಯಪ್ಪನ ಕಡೆಯಿಂದ ಹೋಗಿ, ಬೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ಹೋರಾಡಿ ನಾಗತ್ತರ ಸತ್ತ. ಎರೆಯಪ್ಪ ಇರುಗ ಅನ್ನುವವನಿಗೆ ನಾಗತ್ತರ ಅನ್ನುವ ಪಟ್ಟ ಕಟ್ಟಿ ಬೇಗೂರು ಸೀಮೆಯ ಹನ್ನೆರಡು ಹಳ್ಳಿ ಕೊಟ್ಟ. ಅಪ್ಪ ಒಂದು ಯುದ್ಧದಲ್ಲಿ, ಮಗ ಇನ್ನೊಂದರಲ್ಲಿ. ನಾನು ಆ ಮನೆಯ ಹೆಂಗಸರ ಬಗ್ಗೆ ಯೋಚಿಸುತ್ತಾ ಜಗಲಿಯ ಮೇಲೆ ಕೂತಿದ್ದೆ. ಪ್ರಸಾದಕ್ಕೆ ಬಿಸಿ ಪೊಂಗಲ್ ಕೊಟ್ಟರು. ಆ ಚಳಿಗೆ ಅದಕ್ಕಿಂತ ರುಚಿಯಾದದ್ದು ಬೇರೆ ಇರಲಿಲ್ಲ.

ಹಿರಿಯರ ಜೊತೆ ಮಾತು ಮುಂದುವರಿಯಿತು. ಬಿ. ಎಲ್. ರೈಸ್ ಅನ್ನುವ ಇಂಗ್ಲಿಷ್ ವಿದ್ವಾಂಸ, ಹುಟ್ಟಿದ್ದು ಬೆಂಗಳೂರಿನಲ್ಲೇ, ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಯ ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದ. ಬೆಂಗಳೂರು ಜಿಲ್ಲೆಯದ್ದು 1905ರಲ್ಲಿ ಬಂತು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿ ಇಲ್ಲ. ರಸ್ತೆಗೆ ಹೋದವು, ಪಾಯಕ್ಕೆ ಹೋದವು, ಚರಂಡಿ ಮೇಲಿನ ಚಪ್ಪಡಿಯಾದವು. ಇದನ್ನು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಒಂದು ಹಾಳೆ ಕಳೆದರೆ ಇನ್ನೊಂದು ಪ್ರತಿ ಇರಬಹುದು. ಈ ಕಲ್ಲುಗಳಿಗೆ ಪ್ರತಿ ಇಲ್ಲ. ಬುಟ್ಟಣನ ಹೆಸರು ಬೇರೆ ಯಾವ ರಾಜನ ಕಾವ್ಯದಲ್ಲೂ ಇಲ್ಲವಲ್ಲ.

ನಾಲ್ಕನೇ ದಿನ: ಪೇಟೆ ಮತ್ತು ಕೋಟೆ

ಬೆಳಗ್ಗೆ ಆರಕ್ಕೇ ಕೆ. ಆರ್. ಮಾರ್ಕೆಟ್ಟಿಗೆ ಹೋದೆವು. ಹೂವಿನ ವ್ಯಾಪಾರ ನೋಡಬೇಕು ಅಂದರೆ ಆ ಹೊತ್ತಿಗೇ ಹೋಗಬೇಕು. ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿ. ನೆಲ ಕೆಸರು, ವಾಸನೆ ಮಾತ್ರ ಸ್ವರ್ಗ. 1905ರ ಆಗಸ್ಟ್ 5ರಂದು ಈ ಮಾರ್ಕೆಟ್ ಬಳಿ ಬೀದಿದೀಪ ಕರೆಂಟಿನಲ್ಲಿ ಉರಿಯಿತು. ಶಿವನಸಮುದ್ರದಲ್ಲಿ ಕಾವೇರಿ ಬೀಳುವ ಜಾಗದಿಂದ ತಂತಿಯಲ್ಲಿ ಬಂದ ಕರೆಂಟು.

ಅಲ್ಲಿಂದ ಅವೆನ್ಯೂ ರಸ್ತೆ. ಅದೇ ಹಳೆಯ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಇಲ್ಲಿ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಗೆರೆ ಎಳೆಸಿ ಬೀದಿ ಗುರುತು ಮಾಡಿದರು ಅಂತ ಜನ ಹೇಳುತ್ತಾರೆ. ಮಣ್ಣಿನ ಕೋಟೆ ಕಟ್ಟಿ, ಒಳಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ. ಬಳೇಪೇಟೆಯಲ್ಲಿ ಈಗಲೂ ವೀಣೆ, ತಬಲ ಮಾಡುವ ಅಂಗಡಿಗಳಿವೆ. ಮಗಳಿಗೆ ಒಂದು ಜೊತೆ ತಾಳ ಕೊಂಡೆವು.

ಚಿಕ್ಕಪೇಟೆಯ ತಿರುವಿನಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಹೋಯಿತು. ಕೆಸರಿನಲ್ಲಿ ಕಾಲೆಳೆಯುತ್ತಾ ಹೋಗಿ ಅಂಗಡಿ ಮುಂಗಟ್ಟಿನ ಕೆಳಗೆ ಕೂತ ಚಪ್ಪಲಿ ಹೊಲಿಯುವವರ ಹತ್ತಿರ ಕೂತೆ. ಅವರು ಹೊಲಿಯುತ್ತಾ ಕರಗದ ಕಥೆ ತೆಗೆದರು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಅದು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗುತ್ತದೆ. "ನಾನು ಹುಡುಗ ಆದಾಗಿಂದ ಒಂದು ವರ್ಷಾನೂ ಬಿಟ್ಟಿಲ್ಲಮ್ಮ. ದರ್ಗಾ ಮುಂದೆ ಕರಗ ತಿರುಗೋದು ನೋಡ್ಬೇಕು, ಮೈ ಜುಂ ಅನ್ನುತ್ತೆ." ಮಹಾಭಾರತದ ಹೆಣ್ಣು, ಹೂ ಬೆಳೆಯುವ ತಿಗಳರು, ಸೂಫಿ ಸಂತನ ಸಮಾಧಿ. ಎರಡೂ ಕಡೆಯವರು ಹೊತ್ತಿಗೆ ಸರಿಯಾಗಿ ಕಾಯುತ್ತಾರೆ. ನಮ್ಮ ನಾಗರಿಕತೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ರಾತ್ರಿಯನ್ನು ತೋರಿಸುತ್ತೇನೆ. ಮುಂದಿನ ಚೈತ್ರಕ್ಕೆ ಬರಲೇಬೇಕು ಅಂತ ಮೂವರೂ ಅಲ್ಲೇ ತೀರ್ಮಾನ ಮಾಡಿದೆವು.

ಪೇಟೆಗೆ ಎಷ್ಟು ಒಡೆಯರು ಬಂದು ಹೋದರು ನೋಡಿ. ವಿಜಯನಗರದ ಸಾಮಂತರಾಗಿದ್ದ ಗೌಡರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್. ಆಮೇಲೆ ಶಿವಾಜಿಯ ತಂದೆ ಷಹಾಜಿಗೆ ಇದೇ ಜಹಗೀರು. ಅವನ ಇನ್ನೊಬ್ಬ ಮಗ ಏಕೋಜಿ ತಂಜಾವೂರಿಗೆ ಹೋಗಿ ಅಲ್ಲಿ ಮರಾಠಾ ರಾಜ್ಯ ಶುರು ಮಾಡಿದ. 1687ರಲ್ಲಿ ಔರಂಗಜೇಬನ ಸೈನ್ಯ. ಮೊಗಲರು ಊರನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟರು. ಅವರು ಕಟ್ಟಿಸಿದ ಕೋಟೆ ವೆಂಕಟರಮಣನ ಗುಡಿ ಇವತ್ತಿಗೂ ಇದೆ. ಅದಕ್ಕೆ ಅಂಟಿಕೊಂಡೇ ಟಿಪ್ಪುವಿನ ಅರಮನೆ. ತೇಗದ ಕಂಬ, ಕಮಾನು, ಮಾಸಿದ ಹೂಬಳ್ಳಿಯ ಬಣ್ಣ. ಹೈದರ್ 1781ರಲ್ಲಿ ಶುರು ಮಾಡಿದ್ದನ್ನು ಮಗ 1791ರಲ್ಲಿ ಮುಗಿಸಿದ. ಮಳೆಗೆ ಒಳಗೆ ಬಂದ ಕಾಲೇಜು ಹುಡುಗರು ಮಾತಿಲ್ಲದೆ ಕಂಬಗಳನ್ನು ಮುಟ್ಟಿ ನೋಡುತ್ತಿದ್ದರು.

1791 ಸಂತೋಷದ ವರ್ಷ ಅಲ್ಲ. ಆ ಮಾರ್ಚಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಮೊದಲು ಪೇಟೆ ಹಿಡಿದ. 21ರ ರಾತ್ರಿ ಫಿರಂಗಿ ಒಡೆದ ಗೋಡೆಯಿಂದ ಕೋಟೆಯೊಳಗೆ ನುಗ್ಗಿದ. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದೂರ್ ಖಾನ್ ಅಲ್ಲೇ ಹೋರಾಡಿ ಸತ್ತ. ಗೋಡೆ ಒಡೆದ ಜಾಗದಲ್ಲಿ ಇಂಗ್ಲಿಷರು ಹಾಕಿದ ಕಲ್ಲಿನ ಫಲಕ ಇದೆ. ಒಳಗೆ ನುಗ್ಗಿದವರ ಬಗ್ಗೆ ಒಂದು ಸಾಲು. ತಡೆಯಲು ನಿಂತು ಸತ್ತವರ ಹೆಸರಿಲ್ಲ. ಬೇಗೂರಿನ ಕಲ್ಲು ನೋಡಿ ಬಂದ ಮಗಳಿಗೆ ಅದು ತಕ್ಷಣ ಹೊಳೆಯಿತು. "ಅಮ್ಮ, ಇದರಲ್ಲಿ ಸತ್ತವರ ಹೆಸರೇ ಇಲ್ಲ" ಅಂದಳು. ಎಷ್ಟು ಸರಿಯಾದ ಮಾತು. ಸೋಲಿರಲಿ ಗೆಲುವಿರಲಿ, ಸತ್ತವನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಬರೆಯುವುದು ನಮ್ಮ ಹಳ್ಳಿಯವರ ರೀತಿ.

ಕೊನೆಯ ದಿನ: ಹೆಬ್ಬಾಳ

ಬೆಳಗ್ಗೆ ವಿಧಾನಸೌಧವನ್ನು ರಸ್ತೆಯಿಂದಲೇ ನೋಡಿದೆವು. ನೆಹರೂ 1951ರಲ್ಲಿ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರ ಹಟದಿಂದ 1956ಕ್ಕೆ ಮುಗಿಯಿತು. ಎದುರಿಗೆ ಇಂಗ್ಲಿಷರ ಕಾಲದ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟು. ಅದಕ್ಕಿಂತ ಎತ್ತರದ್ದು, ಬೆಂಗಳೂರಿನ ಸುತ್ತಲಿನ ಕಲ್ಲಿನಲ್ಲೇ, ಗುಡಿಯಲ್ಲಿರುವಂಥ ಕಂಬ, ಹೊರಚಾಚಿದ ಸೂರಿನ ಅಂಚುಗಳ ಜೊತೆಗೆ, ಜನ ಆರಿಸಿದವರು ಕೂರುವುದಕ್ಕೆ ಅಂತ ಕಟ್ಟಿದರು. ನನಗೆ ಅದನ್ನು ನೋಡಿದಾಗಲೆಲ್ಲಾ ಹೆಮ್ಮೆಯಾಗುತ್ತದೆ.

ಹೆಬ್ಬಾಳ ಅಂದರೆ ಎಲ್ಲರಿಗೂ ಫ್ಲೈಓವರ್. ಅದರ ಕೆಳಗೆ ಇಳಿದು ಹಳ್ಳಿಯೊಳಗೆ ನಡೆದರೆ ಓಣಿಗಳು ಕಿರಿದಾಗುತ್ತವೆ, ಹಂಚಿನ ಮನೆಗಳು ಒಂದೆರಡು ಉಳಿದಿವೆ. ಕಿತ್ತಯ್ಯನ ಕಲ್ಲು ಎಲ್ಲಿ ಅಂತ ಕೇಳಿ, ದಾರಿ ತೋರಿಸುತ್ತಾರೆ. 2018ರಲ್ಲಿ ಇಲ್ಲಿ ಚರಂಡಿಗೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲ. ರಟ್ಟರ, ಅಂದರೆ ರಾಷ್ಟ್ರಕೂಟರ ದಂಡು ಈ ನಾಡಿನ ಮೇಲೆ ಬಂದಾಗ ಎದುರು ನಿಂತು ಕಿತ್ತಯ್ಯ ಸತ್ತ ಅಂತ ಬರೆದಿದೆ. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ಶಾಸನದ ಬಗ್ಗೆ ಕಾಳಜಿ ಇದ್ದ ಕೆಲವರು ಊರಿನವರ ಜೊತೆ ಸೇರಿ ಅದನ್ನು ತೊಳೆದು, ಓದಿಸಿ, ದುಡ್ಡು ಕೂಡಿಸಿ, ಗಂಗರ ಶೈಲಿಯ ಕಲ್ಲಿನ ಮಂಟಪ ಕಟ್ಟಿ ನಿಲ್ಲಿಸಿದ್ದಾರೆ.

ಮಂಟಪದ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದರು. ಅವರ ಮನೆಯವರಿಗೆ ಕೆರೆಯ ಕೆಳಗೆ ಗದ್ದೆ ಇತ್ತಂತೆ. ಈಗ ಅಲ್ಲೆಲ್ಲಾ ಕಟ್ಟಡ. "ಕಲ್ಲು ಸಿಕ್ಕಾಗ ದೊಡ್ಡೋರು ಬಂದು ಎತ್ಕೊಂಡು ಹೋಗ್ತಾರೆ ಅಂದ್ಕೊಂಡ್ವಿ. ಊರೋನು ಊರಲ್ಲೇ ಇರಲಿ ಅಂತ ಹಿಂಗೆ ಮಾಡಿದ್ರು, ಒಳ್ಳೇದಾಯ್ತು" ಅಂದರು. ಮಗಳು ನೋಟ್‌ಬುಕ್ ತೆಗೆದು ಅಕ್ಷರಗಳನ್ನು ನೋಡಿ ಬರೆಯಲು ಕೂತಳು. ಬೇಗೂರಿನಲ್ಲಿ ಕಲಿತ ಹಾಗೆ ಟಾರ್ಚನ್ನು ಪಕ್ಕದಿಂದ ಹಿಡಿಯಲು ಅಪ್ಪನಿಗೆ ಹೇಳಿದಳು. ಕ, ತ, ಯ ಗೊತ್ತಾದವು, ಉಳಿದದ್ದಕ್ಕೆ ಫಲಕದ ಸಹಾಯ ಬೇಕಾಯಿತು. ಅಜ್ಜ ಬಗ್ಗಿ ಅವಳು ಬರೆದದ್ದನ್ನು ನೋಡುತ್ತಿದ್ದರು. ಆ ರಾತ್ರಿಯೇ ರೈಲು ಹತ್ತಿದೆವು.

ನಮ್ಮ ಊರಿನ ಕಲ್ಲಪ್ಪನ ಗುಡಿಯ ಹಿಂದೆ, ಕೆರೆ ಏರಿಯ ಕೆಳಗೆ, ಒಂದು ವೀರಗಲ್ಲು ಅರ್ಧ ಹೂತಿದೆ. ಕೆಳಗೆ ಕಾಳಗ, ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಅದಕ್ಕೂ ಮೇಲೆ ಲಿಂಗ. ನಾನು ಹುಟ್ಟಿದಾಗಿನಿಂದ ಅಲ್ಲೇ ಇದೆ. ಬಂದ ವಾರವೇ ಮಗಳು ಗೆಳತಿಯರನ್ನು ಕರೆದುಕೊಂಡು ಹೋಗಿ ಫೋಟೋ ತೆಗೆದು ಇತಿಹಾಸದ ಮೇಷ್ಟ್ರಿಗೆ ಕೊಟ್ಟಿದ್ದಾಳೆ. ಸುಗ್ಗಿ ಮುಗಿದ ಮೇಲೆ ಕಲ್ಲನ್ನು ಎತ್ತಿ ಕಟ್ಟೆಯ ಮೇಲೆ ನಿಲ್ಲಿಸೋಣ ಅಂತ ಊರಿನ ಹಿರಿಯರು ಒಪ್ಪಿದ್ದಾರೆ. ಎಣ್ಣೆ ಬಣ್ಣ ಬಳಿಯಬೇಡಿ ಅಂತ ನಾವು ಕೇಳಿಕೊಂಡಿದ್ದೇವೆ. ಬಣ್ಣ ತುಂಬಿದರೆ ಅಕ್ಷರ ಮುಚ್ಚಿಹೋಗುತ್ತವೆ, ಅದನ್ನು ಮೇಷ್ಟ್ರು ಇನ್ನೂ ಓದಬೇಕಿದೆ.